ತಲೆವಾರು ಲೆಕ್ಕ

ಹಲ್ ನಗರಸಭೆ, ಬುಧವಾರ, ಹನ್ನೊಂದೂವರೆ.
ಸರ್ವರ್ ಏದುಸಿರು ಬಿಡುತ್ತಿದೆ.
ಯಾರ ಭಾರ ಎಷ್ಟು? ತಲೆವಾರು ಅಳೆದೆ:
ತೆರಿಗೆಯವರದು ಪಾವು, ಪಾರ್ಕಿಂಗಿನವರದು ಚಟಾಕು,
ಉಳಿದ ಕೊಳಗವೆಲ್ಲ ಒಬ್ಬಳದೇ,
ಸ್ಮಶಾನ ವಿಭಾಗದ ಗ್ಲೆನಿಸ್ ಹೋಲ್‌ರಾಯ್ಡ್.
ಅಳೆಯುವ ಸೇರೂ ಅಷ್ಟಿಷ್ಟು ತೂಗುತ್ತದೆ,
ಅದನ್ನು ಬರೆದುಕೊಳ್ಳಲಿಲ್ಲ.

ಕಡಿವಾಣ ಹಾಕೋಣವೆಂದು ಎರಡು ಮಹಡಿ ಇಳಿದೆ.
ಕಿಟಕಿಯಾಚೆ ಟೋಪಿ ಕೈಲಿ ಹಿಡಿದ ಮುದುಕ:
ತಂಗಿಯಂತೆ, ಬದುಕಿದ್ದು ಒಂಬತ್ತು ದಿನ,
ಹೆಸರಿನ ಬಾಲ ಮಾತ್ರ ನೆನಪು,
'ಲೀನ್' ಅಂತೇನೋ.

ಮೊದಲಕ್ಷರವಿಲ್ಲದ ಹೆಸರಿಗೆ ಇಂಡೆಕ್ಸ್ ಕೆಲಸಕ್ಕೆ ಬಾರದು;
ಲಕ್ಷ ಸಾಲನ್ನೂ ಒಂದೊಂದಾಗಿ ಮಗುಚಬೇಕು.
ಗ್ಲೆನಿಸ್ ಮತ್ತೆ ಗುಂಡಿ ಒತ್ತಿದಳು.
ಮೇಲೆ ಯಾರದೋ ಪರದೆ ನಿಂತಿರಬೇಕು.
ನಾನು ಕುರ್ಚಿ ಎಳೆದುಕೊಂಡೆ.
ಪಾಲೀನ್? ಕ್ಯಾತ್ಲೀನ್?
ಮುದುಕ ತಲೆಯಾಡಿಸಿದ, ಅಡ್ಡಕ್ಕೆ.