ಎಂಟುನೂರು ಗಜ

ದಸರಾ ರಜೆ. ಅರಸೀಕೆರೆ. ಹಳೇ ಶೆಡ್ಡಿನ ಹಿಂದೆ
ಕಿತ್ತೊಯ್ಯಲು ಮರೆತ ಮೀಟರ್ ಗೇಜಿನ
ಎಂಟುನೂರು ಗಜ ಹಳಿ, ಒಂದು ಬೋಗಿ, ಒಂದು ಡೀಸೆಲ್ ಎಂಜಿನ್ನು.
ಇಷ್ಟೇ ನಮ್ಮ ಮ್ಯೂಸಿಯಮ್ಮಿನ ರೈಲ್ವೆ.

ಟಿಕೆಟ್ಟು ಹತ್ತು ರೂಪಾಯಿ. ಮಡಿಲಲ್ಲಿ ಕೂರುವ ಮಗುವಿಗಿಲ್ಲ.
ಕೊಡುವವಳು ನಾನು; ಉಳಿದ ದಿನ ಪೇಟೆಬೀದಿಯಲ್ಲಿ
ಪಿಗ್ಮಿ ವಸೂಲಿ. ಇಲ್ಲೂ ನನ್ನ ಹೆಸರು ಪಿಗ್ಮಿ ಮೇಡಂ.

ಬೆಳಗ್ಗೆ ಆರಕ್ಕೇ ಬರುತ್ತಾರೆ ಖಾದರ್ ಷರೀಫ್.
ಸುತ್ತಿಗೆಯಿಂದ ಒಂದೊಂದೇ ಗಾಲಿ ತಟ್ಟಿ ಕಿವಿಗೊಡುತ್ತಾರೆ,
ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ಕೊಳ್ಳುವವರ ಹಾಗೆ.
ಸಂಬಳ ನಿಂತು ಹತ್ತೊಂಬತ್ತು ವರ್ಷ.
"ಮೂರನೇದು ಯಾಕೋ ಮಾತಾಡ್ತಿಲ್ಲ" ಅಂದರೆ
ಅದು ಮಾತಾಡುವ ತನಕ
ಬೋಗಿ ಕದಲುವ ಹಾಗಿಲ್ಲ.

ಡ್ರೈವರ್ ಆರೋಕ್ಯಸ್ವಾಮಿ. ಎಡಗಣ್ಣಿನ ಪೊರೆ ತೆಗೆಸಿದ್ದಾಗಿದೆ,
ಬಲಗಣ್ಣಿನದು ಕ್ರಿಸ್ಮಸ್ ಕಳೆದ ಮೇಲಂತೆ.
ಅಲ್ಲಿಯವರೆಗೆ ಬಲಗಡೆ ನೋಡಲು ಪಾಲಿಟೆಕ್ನಿಕ್ಕಿನ ತಿಪ್ಪೇಶ.
ಅವನಿಗೆ ಹಾರನ್ನಿನ ಹುಚ್ಚು;
ದಿನಕ್ಕೆ ಮೂರೇ ಸಲ ಅನುಮತಿ.

ಗಾರ್ಡು ಮರುಳಸಿದ್ದಯ್ಯ. ಬಿಳಿ ಪ್ಯಾಂಟಿಗೆ ನುಸಿಗುಳಿಗೆಯ ವಾಸನೆ.
ಹಸಿರು ಬಾವುಟ ಸೊಸೆಯ ಬ್ಲೌಸ್ ಪೀಸಿನದು,
ಅಂಚಲ್ಲಿ ಜರಿ ಇನ್ನೂ ಇದೆ.
ದಾರಿಯುದ್ದಕ್ಕೂ ಊರು ಕೂಗುತ್ತಾರೆ:
ಹುಣಸೆಮರ ಬಂದರೆ ಹಬ್ಬನಘಟ್ಟ,
ನೀರಿನ ತೊಟ್ಟಿ ಬಾಗೇಶಪುರ,
ಮುರಿದ ಸಿಗ್ನಲ್ ಕಂಬ ಕೊರವಂಗಲ,
ಹಳಿ ಮುಗಿದು ಮಣ್ಣುದಿಬ್ಬ ಎದ್ದಲ್ಲಿ
"ಹಾಸನ! ಇಳಿಯೋರು ಇಳೀಬಹುದು!"
ಯಾರೂ ಇಳಿಯುವುದಿಲ್ಲ.
ಗಾಡಿ ಬೆನ್ನು ತಿರುಗಿಸದೆ ಹಿಂದಕ್ಕೆ ಸರಿಯುತ್ತದೆ,
ಗರ್ಭಗುಡಿಯಿಂದ ಹೊರಬರುವ ಭಕ್ತರ ಹಾಗೆ.

ಒಬ್ಬಳು ಇಳಿದಳು, ವಿಜಯದಶಮಿಯ ದಿನ.
ಬಾಗೇಶಪುರ ಅಂದದ್ದೇ ತಡ, ಪುಟ್ಟತಾಯಮ್ಮ
ತೊಟ್ಟಿಯ ಒಣ ನಲ್ಲಿ ತಿರುಗಿಸಿ ನೋಡಿ ಹೇಳಿದಳು:
"ಇಲ್ಲೇ ಹೂ ಮಾರ್ತಿದ್ದೆ. ಎರಡೇ ನಿಮಿಷ ನಿಲ್ತಿತ್ತು.
ಕಿಟಕಿಯಿಂದ ಒಂದು ಮೊಳ ತಗೊಂಡ ಪುಣ್ಯಾತ್ಮ
ಜೇಬು ತಡಕೋ ಅಷ್ಟರಲ್ಲಿ ಸೀಟಿ ಹಾಕಿಬಿಟ್ರಿ."
ಮರುಳಸಿದ್ದಯ್ಯ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದರು:
ಬಾಗೇಶಪುರ. ನಾಲ್ಕು ನಿಮಿಷ ತಡ. ಕಾರಣ, ಹೂವು.

ಕೊನೇ ದಿನ, ಕೊನೇ ಸವಾರಿ. ಹಾಸನ ಮುಟ್ಟಿದ ಎಂಜಿನ್ನು
ಒಮ್ಮೆ ಕೆಮ್ಮಿ ಕೂತುಬಿಟ್ಟಿತು.
ಆರೋಕ್ಯಸ್ವಾಮಿ ತಮಿಳಿನಲ್ಲಿ ಬೈದರು, ಕನ್ನಡದಲ್ಲಿ ಬೇಡಿಕೊಂಡರು.
ಅದು ಎರಡಕ್ಕೂ ಕಿವುಡು.
ಖಾದರ್ ಸುಮ್ಮನೆ ಕೊಂಡಿ ಕಳಚಿದರು.
"ತಳ್ಳೋಣ್ವಾ?"
ಕೇಳಿದ್ದು ತಿಪ್ಪೇಶನೋ, ಯಾವುದೋ ಹುಡುಗಿಯೋ.

ಅಪ್ಪಂದಿರು ಇಳಿದರು. ಸೆರಗು ಸಿಕ್ಕಿಸಿ ಅಮ್ಮಂದಿರು.
ಮಕ್ಕಳನ್ನು ತಡೆಯುವವರು ಯಾರು?
ಬೋಗಿಯಲ್ಲಿ ಉಳಿದದ್ದು ಚೀಲಗಳು, ಒಂದು ನಿದ್ದೆಯ ಕೂಸು,
ಮತ್ತು ಅದಕ್ಕೆ ನೊಣ ಓಡಿಸುವ ಅಜ್ಜ.
ಎಂಜಿನ್ನಿಲ್ಲದ ಗಾಡಿಗೂ ಗಾರ್ಡು ಬಾವುಟ ಬೀಸಿದರು.
ತಿಪ್ಪೇಶ ಬಾಯಲ್ಲೇ ಹಾರನ್ ಹೊಡೆದ.
ಅದು ನಾಲ್ಕನೇದು; ಯಾರೂ ಲೆಕ್ಕ ಹಿಡಿಯಲಿಲ್ಲ.

ಮೊದಲ ಅಂಗುಲ ಮಾಲೇಕಲ್ಲು ಬೆಟ್ಟದಷ್ಟು ಭಾರ.
ಆಮೇಲೆ ಕಬ್ಬಿಣಕ್ಕೆ
ತನ್ನ ಹಳೇ ಚಾಳಿ ನೆನಪಾಯಿತು.
ಕೊರವಂಗಲ ಎಂದರು ತಳ್ಳುವವರು, ಏದುಸಿರಲ್ಲಿ.
ಬಾಗೇಶಪುರದಲ್ಲಿ ನೀರು ಕುಡಿಯಲು ನಿಂತರು.
ಅರಸೀಕೆರೆ ಬರುವಾಗ
ಎಲ್ಲರ ಅಂಗೈಯಲ್ಲೂ ತುಕ್ಕಿನ ಗೋರಂಟಿ.
"ಇನ್ನೊಂದ್ಸಲ ತಳ್ಳೋಕೆ ಟಿಕೆಟ್ ಎಷ್ಟು?"
ಕೇಳಿತು ಮುಂದಿನ ಹಲ್ಲು ಬಿದ್ದ ಒಂದು ಬಾಯಿ.
ಕತ್ತಲಾಯ್ತು, ಮನೆಗೆ ಹೋಗು ಎಂದೆ.

ರಾತ್ರಿ ಲೆಕ್ಕಕ್ಕೆ ಕೂತಿದ್ದೇನೆ.
ಡೀಸೆಲ್ಲು, ಗ್ರೀಸು, ಎಲ್ಲರಿಗೂ ಮಂಡಕ್ಕಿ.
ಪುಟ್ಟತಾಯಮ್ಮನಿಗೆ, ಹೂವಿನ ಹಳೇ ಬಾಕಿ, ಒಂದು ಮೊಳದ್ದು.
ಎಲ್ಲ ಕಳೆದರೂ ಡಬ್ಬಿಯಲ್ಲಿ
ಹತ್ತು ರೂಪಾಯಿ ಹೆಚ್ಚಿಗೆ ಇದೆ.
ಮೂರು ಸಲ ಎಣಿಸಿದೆ.
ನೋಟಿನ ಮೇಲೆ ಕೆಂಪಗೆ
ಪುಟ್ಟದೊಂದು ಹೆಬ್ಬೆಟ್ಟು.