ಹಯಾತಿ

ಇಂಗ್ಲೆಂಡಿನಿಂದ ಮತ್ತೆ ಕಾಗದ:
ನೀವು ಬದುಕಿದ್ದೀರಾ? ಸಾಕ್ಷಿ ಸಮೇತ ತಿಳಿಸಿ.

ಇಪ್ಪತ್ತೊಂಬತ್ತು ವರ್ಷ ರಾತ್ರಿಪಾಳಿಯಲ್ಲಿ
ಯಾರ್ಯಾರದೋ ನಾಡಿ ಹಿಡಿದು
ಇದ್ದಾರೆ, ಇಲ್ಲ ಎಂದು ಬರೆದವಳು ನಾನು.
ಇವತ್ತು ನವನಗರದ ಬ್ಯಾಂಕಿನಲ್ಲಿ
ಮೀಸೆ ಚಿಗುರದ ಮ್ಯಾನೇಜರು
ಮುಖ ನೋಡಿ ನಗುತ್ತಾನೆ: ‘ಅದೀರಲ್ಲ, ರೂತಮ್ಮ!’
ಅದೀನಪ್ಪಾ. ಠಸ್ಸೆ ಒತ್ತು.

ಪಿಂಚಣಿ ನಾ ವಿಮಾನ ಇಳಿದ ವರ್ಷಕ್ಕೇ ನಿಂತಿದೆ.
ಅಲ್ಲೇ ಉಳಿದ ಡೋರೀನ್‌ಗೆ ಏಪ್ರಿಲ್ ಬಂದರೆ ಏರುತ್ತದೆ,
ನನಗೆ ಏರುವುದು ಜೋಳದ ದರ, ಬಿಪಿ,
ಶ್ರಾವಣದಲ್ಲಿ ಹಿನ್ನೀರು.
ತೆರಿಗೆ ಅಲ್ಲಿಯೋ ಇಲ್ಲಿಯೋ, ಆಡಿಟರ್ ಕೇಳುತ್ತಾರೆ.
ದುಡಿದದ್ದು ಅಲ್ಲಿ, ಮೊಣಕಾಲು ಹಿಡಿಯುವುದು ಇಲ್ಲಿ,
ಎಲ್ಲಿ ಬೇಕೋ ಅಲ್ಲಿ ಬರಕೋರಿ.

ಒಂದೇ ಕಾಲಂ ಪ್ರತಿ ಸಲ ಖಾಲಿ ಬಿಡುತ್ತೇನೆ:
ವಿಳಾಸ ಬದಲಾಗಿದೆಯೇ?
ಅವರ ಕಡತದಲ್ಲಿ ಇನ್ನೂ ಅಪ್ಪನ ಮನೆ,
ಬೇವಿನಗಿಡದ ಓಣಿ, ಹಳೇ ಬಾಗಲಕೋಟೆ.
ಅಲ್ಲೀಗ ಮೀನು ತಿರುಗುತ್ತವೆ.
ಮನೆ ಬದಲಿಸಿದ್ದು ನಾನಲ್ಲ, ಘಟಪ್ರಭೆ.
ಎಲ್ಲೋ ಒಂದು ದೇಶದ ಕಪಾಟಿನಲ್ಲಾದರೂ
ನಿಂತಿರಲಿ ಅದು, ಒಣಗಿದ ಗೋಡೆಯೊಂದಿಗೆ.

ಮುಳುಗಿದ ವಿಳಾಸಕ್ಕೆ ಬಂದ ಕಾಗದವನ್ನು
ಹೆಸರು ನೋಡಿ ಸೆಕ್ಟರ್ ಇಪ್ಪತ್ತೆರಡಕ್ಕೆ ತರುವವನು
ಪೋಸ್ಟಿನ ಲಾಲಸಾಬ.
ಬರುವ ಮಾರ್ಚಿಗೆ ಅವನದೂ ರಿಟೈರ್ಮೆಂಟ್.