ಎರಡು ಎಣಿಸೂದ್ರಾಗ

ರಾಯಚೂರು ದವಾಖಾನಿಯ ಕತ್ತಲ ಕೋಣಿ.
ಹುಸೇನಮ್ಮನ ಬಲಗಡೆ ಕಪಾಳಕ್ಕ ಜೆಲ್ ಸವರಿ
ಬೀಡಿಕಟ್ಟಿನಷ್ಟು ಸಣ್ಣ ಯಂತ್ರ ಹಿಡಿದಾರ ಡಾಕ್ಟರು.
ಡಬ್ಬಿಯೊಳಗ ಸುಂಯ್, ಸುಂಯ್.

ಈ ಸಪ್ಪಳ ನನಗ ಗೊತ್ತು.
ಮೂವತ್ತೊಂದು ವರ್ಷ ಎಡದಂಡಿ ಕಾಲುವಿಯ
ಗೇಟು ತಿರುವಿದವನ ಕಿವಿ ಇದು.

ಜೋಮು ಹಿಡಿದ ಆಕಿ ಎಡ ಅಂಗೈಗೆ
ಒಂದು ಹಿಡಿ ಬಿಳಿಜೋಳ ಸುರಿದು ಉಜ್ಜಿದೆ,
ಬೆರಳ ಸಂದಿಗೂ ಬಿಡದಂಗ.
ಏನೂ ಇಲ್ಲ.
ಒಂದು.
ಎರಡು.
ಡಬ್ಬಿಯೊಳಗಿನ ದನಿ ಏರಿತು,
ಮೊದಲ ನೀರು ಒಣ ಕಾಲುವಿಗೆ ಹೊಕ್ಕಂಗ.

"ಎಡಗೈ ಮುಟ್ಟಿದರ ಬಲಕ್ಕ ನಾಳ ಹಿಗ್ತಾವ.
ರಕ್ತ ಬೇಕಾದ್ದಕ್ಕಿಂತ ಜಾಸ್ತೀನ ಬರ್ತದ."

"ಅರ್ಜಿ ಯಾರು ಕೊಟ್ಟರ್ರೀ?" ಅಂದೆ.
ಡಾಕ್ಟರು ನಕ್ಕರು. ನಾನು ನಗಲಿಲ್ಲ.

ಸಿರವಾರದ ಕೆಳಗ, ಕೊನೆಭಾಗದ ಊರಾಗ,
ನೀರು ಬಂತೇನು ಅಂತ
ಕಾಲುವಿಗೆ ಕಿವಿ ಹಚ್ಚಿ ಮಲಗತಿದ್ದರು ಮಂದಿ.
ಮ್ಯಾಲಿನವರ ಮಾತಿಗೆ ಗೇಟಿಗೆ ಬೀಗ ಜಡಿದು
ಬೆಳಗಾನ ಎದ್ದು ಕುಂತೀನಿ ನಾನು, ಎಷ್ಟೋ ಸಲ.

ಆಕಿ ಏನೂ ಅನ್ನಲಿಲ್ಲ.
ಮುಷ್ಟಿ ಮಾತ್ರ ಮುಚ್ಚಿದಳು, ಅರ್ಧ.
ಎರಡು ಕಾಳು ಕೆಳಗ ಬಿದ್ದವು.
ಬಗ್ಗಿ ಆರಿಸಿ
ಮತ್ತ ಕೈಯಾಗ ಇಟ್ಟೆ.